ಬಾವನ ಹಾಜರಿ

ಫೆಬ್ರವರಿ 19

ಚಿನಕುರುಳಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಮೂರು ಸಾಲಿನ ಚೀಟಿಯನ್ನು ಬಸ್ಸಿನ ಡ್ರೈವರ್ ತಂದು ಕೊಟ್ಟ. "ಸುರಂಗ ಬಿದ್ದಿದೆ, ನಿಮ್ಮ ಕಡೆ ನೋಡಿ" ಎಂದು ಬರೆದಿದ್ದೀಯ. ನನ್ನ ಕಡೆ ನೋಡುವಂಥದ್ದು ಏನಿದೆಯಮ್ಮ? ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಒಪ್ಪಿಕೊಂಡೆ. ಆದರೆ ಈ ಊರಿನಲ್ಲಿ ನಾನು ಬಿಚ್ಚಿ ಮುಚ್ಚದ ರೇಡಿಯೊ ಇಲ್ಲ. ನಾನು ಮುಟ್ಟಿದ ಮೇಲೂ ಮೂಗಿಯಾಗಿ ಕೂತ ರೇಡಿಯೊ ಅಂತೂ ಇಲ್ಲವೇ ಇಲ್ಲ.

ನಿನ್ನೆ ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿ ಕತ್ತಿ ಹಿಡಿದುಕೊಂಡೇ ಕ್ಷೌರದವನು ಕೇಳಿದ, "ಅದೇನ್ ಸ್ವಾಮಿ ಸುರಂಗ ಸುರಂಗ ಅಂತೀರಾ, ನಿಮ್ಮನೇಲಿ ಗುಂಡಿ ಕಾಣ್ಸೋದೇ ಇಲ್ವಲ್ಲ?" ನಾನು ಹೇಳಿದೆ: "ನಮ್ಮ ಬಾವ ಗುಡ್ಡದ ಮೇಲೆ ಕೂತು ಮಾತಾಡ್ತಾನೆ. ಅವನ ದನಿ ಗಾಳಿಯಲ್ಲಿ ಬಂದು ಮಗಳ ಮನೆ ಮಾಳಿಗೆಯ ಆಂಟೆನಾ ಮೇಲೆ ಕೂರುತ್ತೆ. ಅಲ್ಲಿಂದ ಇಂಟರ್ನೆಟ್ ಒಳಗೆ ನಾವೇ ಒಂದು ಖಾಸಗಿ ದಾರಿ ಕೊರೆದಿದ್ದೀವಿ, ಅದರಲ್ಲಿ ಇನ್ನೂರು ಕಿಲೋಮೀಟರ್ ಓಡಿ ನನ್ನ ಮೇಜಿನ ಮೇಲೆ ಬಂದು ಎದ್ದು ನಿಲ್ಲುತ್ತೆ." ಕತ್ತಿ ಕೆಳಗಿಟ್ಟು ಕೈಮುಗಿದ. ಉಳಿದರ್ಧ ಗಡ್ಡ ನೆನಪಿಸಬೇಕಾಯಿತು.

ಆದ್ದರಿಂದ ದೋಷ ನಿನ್ನ ಕಡೆ. ಹುಡುಕು.

ನಿನ್ನ ಮಾವ


ಫೆಬ್ರವರಿ 21

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಹುಡುಕಿದೆ. ನನ್ನ ಕಡೆ ಎಲ್ಲ ನೆಟ್ಟಗಿದೆ. ನನ್ನ ಇಂಟರ್ನೆಟ್ ಡಬ್ಬ ನಿಮ್ಮ ಮನೆಯ ಬಾಗಿಲು ತಟ್ಟುತ್ತಲೇ ಇದೆ, ಒಳಗಿನಿಂದ ಯಾರೂ ತೆಗೆಯುತ್ತಿಲ್ಲ.

ಮಾವ, ತಮಾಷೆಗೆ ಸಮಯವಿಲ್ಲ. ಮಾರ್ಚ್ ಮೂರಕ್ಕೆ ಅಪ್ಪ ಗುಡ್ಡ ಹತ್ತುತ್ತಾರೆ. ಕಾಡ್ಗಿಚ್ಚಿನ ಮೂರು ತಿಂಗಳು ಆ ಕಾವಲು ಗೋಪುರದಲ್ಲಿ ಒಬ್ಬರೇ. ಕಳೆದ ವರ್ಷ ರಕ್ತದಲ್ಲಿ ಸಕ್ಕರೆ ಇಳಿದು ಬಿದ್ದು, ಎಚ್ಚರವಾದಾಗ ಕೆನ್ನೆಗೆ ಇರುವೆ ಹತ್ತಿತ್ತು. ಅದನ್ನು ಅವರು ನಗುತ್ತಾ ಹೇಳುತ್ತಾರೆ, ನನಗೆ ನಗು ಬರುವುದಿಲ್ಲ. ಅರಣ್ಯ ಇಲಾಖೆಯ ವೈರ್‌ಲೆಸ್ ಆ ಕಣಿವೆಗೆ ಎಟುಕುವುದಿಲ್ಲ, ಮೊಬೈಲ್ ಮೊದಲೇ ಇಲ್ಲ. ಇರುವುದು ನಮ್ಮ ಹವ್ಯಾಸಿ ರೇಡಿಯೊ ಒಂದೇ. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ನಾನು ಕೇಳಿಸಿಕೊಳ್ಳುತ್ತೇನೆ. ನಡುವೆ ನಾನು ಪಂಪ್‌ಹೌಸಿನಲ್ಲಿ. ಆ ಮೋಟಾರುಗಳ ಗದ್ದಲದಲ್ಲಿ ಪಕ್ಕದವನು ಕೂಗಿದರೂ ಕೇಳದು. ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಯ ಹಾಜರಿಗೆ ನೀವೇ ದಿಕ್ಕು. ಹಾಜರಿ ತಪ್ಪಿದರೆ ಗುಡ್ಡದ ಬುಡದ ಚೌಕಿಗೆ ಫೋನ್ ಹೋಗಬೇಕು.

ಎರಡು ಅಂಕೆ ಬರೆದು ಕಳಿಸಿ. ಇಂಟರ್ನೆಟ್ ಡಬ್ಬದ ಒಳಪುಟದಲ್ಲಿ "ಹೊರಗಿನ ವಿಳಾಸ" ಎಂದು ತೋರಿಸುವ ಅಂಕೆ ಒಂದು. ಕಂಪ್ಯೂಟರಿನಲ್ಲಿ "ನನ್ನ ವಿಳಾಸ ಯಾವುದು" ಎಂದು ಹುಡುಕಿದರೆ ಹೊರಗಿನವರು ಹೇಳುವ ಅಂಕೆ ಇನ್ನೊಂದು. ಬೇರೇನೂ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದೆಲ್ಲ ಪುಸ್ತಕದಲ್ಲಿ: ನೀವೇ ಕಲಿಸಿದ ಪಾಠ.

ಫೋನ್ ಯಾಕೆ ಎತ್ತುವುದಿಲ್ಲ? ಐದು ನಿಮಿಷದ ಮಾತಿಗೆ ಎರಡು ದಿನ ಬಸ್ಸು ಕಾಯಬೇಕೆ?

ನಿಮ್ಮ ಸೊಸೆ


ಫೆಬ್ರವರಿ 23

ಚಿನಕುರುಳಿ,

ಫೋನಿನಲ್ಲಿ ನನ್ನ ಅಕ್ಷರ ಕಾಣುವುದಿಲ್ಲವಲ್ಲ, ಅದಕ್ಕೇ ಎತ್ತುವುದಿಲ್ಲ. ನಮ್ಮೂರ ಶಾಲೆಯ ಮೇಷ್ಟ್ರು ನನ್ನ ಕಾಪಿ ಪುಸ್ತಕವನ್ನು ಇನ್‌ಸ್ಪೆಕ್ಟರಿಗೆ ತೋರಿಸುತ್ತಿದ್ದರು. ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ.

ಅಂಕೆಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಎರಡೂ ಬೇರೆ ಬೇರೆ ಬಂದವು. ಹೆದರಬೇಡ, ನಾನು ಬರೆದುಕೊಂಡದ್ದು ತಪ್ಪಲ್ಲ, ನಾಲ್ಕು ಸಲ ನೋಡಿದೆ.

ಇನ್ನೊಂದು ವಿಷಯ. ದೊಡ್ಡದೇನಲ್ಲ. ಜನವರಿಯಲ್ಲಿ ಇಂಟರ್ನೆಟ್ ಕಂಪನಿಯ ಹುಡುಗಿ ಬಂದು ಹಳೆ ಡಬ್ಬ ಕಿತ್ತು ಹೊಸದು ಹಾಕಿ ಹೋದಳು. ಏನೇನೋ ಹೇಳಿದಳು, ನಾನು ತಲೆ ಆಡಿಸಿ ಸಹಿ ಹಾಕಿದೆ. ಆಮೇಲೆ ನಾನು ಒಂದಾರು ಕಡೆ ತಿರುವಿ ನೋಡಿದ್ದೂ ಉಂಟು. ಪುಸ್ತಕದಲ್ಲಿ ಬರೆದಿಲ್ಲ.

ಮಾವ


ಫೆಬ್ರವರಿ 25

ಮಾವ,

ಒಂದಾರು ಕಡೆ! ಒಂದು ತಿಂಗಳು ನಾನು ನನ್ನ ಡಬ್ಬವನ್ನೇ ಬೈದುಕೊಂಡು ಕೂತಿದ್ದೆ.

ಅಂಕೆ ಬೇರೆ ಬಂದದ್ದರಲ್ಲೇ ಉತ್ತರವಿದೆ. ಮೊದಲು ನಿಮ್ಮ ಮನೆಗೆ ಬೀದಿಯ ಮೇಲೆ ನಿಮ್ಮದೇ ಬಾಗಿಲಿತ್ತು. ಈಗ ಕಂಪನಿಯವರು ನಿಮ್ಮನ್ನು ವಠಾರಕ್ಕೆ ಸೇರಿಸಿದ್ದಾರೆ: ನೂರಾರು ಮನೆಗೆ ಹೊರಬಾಗಿಲು ಒಂದೇ. ನಾನು ಆ ಹೊರಬಾಗಿಲು ತಟ್ಟಿದರೆ ಯಾರ ಮನೆಗೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನೀವು ಆ ಡಬ್ಬವನ್ನು ಎಷ್ಟು ತಿರುವಿದರೂ ಅಷ್ಟೇ.

ಆದರೆ ಒಳಗಿನವರು ಹೊರಗೆ ಹೋಗುವುದಕ್ಕೆ ಅಡ್ಡಿಯಿಲ್ಲ. ಅಂದರೆ ಸುರಂಗದ ತುದಿಗಳನ್ನು ಅದಲು ಬದಲು ಮಾಡಬೇಕು. ಇನ್ನು ಮೇಲೆ ಯಜಮಾನ ತುದಿ ನನ್ನದು. ತಟ್ಟುವ ಕೆಲಸ ನಿಮ್ಮದು. ಹೇಗೆ ಮಾಡಬೇಕೆಂದು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಐದೇ ನಿಮಿಷದ ಕೆಲಸ.

ದಯವಿಟ್ಟು ಇದಕ್ಕೆ ಮುನಿಸಿಕೊಳ್ಳಬೇಡಿ. ಇನ್ನು ಆರೇ ದಿನ.

ಸೊಸೆ


ಮಾರ್ಚ್ 6

ಚಿನಕುರುಳಿ,

ನನ್ನ ಅಂಗಡಿಗೆ ಜನ ಬರುತ್ತಿದ್ದರೇ ಹೊರತು ನಾನು ಯಾರ ಬಾಗಿಲು ತಟ್ಟಿದವನಲ್ಲ. ಮೂರು ದಿನ ನಿನ್ನ ಆ ಪುಟವನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದೆ. ನಿನ್ನ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತು ಅಂದಳು, "ನಿಮ್ಮ ಬಾವ ಮೇಲೆ ಬಿದ್ದಿರ್ತಾರೆ, ನೀವು ಕೆಳಗೆ ಮೀಸೆ ತಿರುವ್ತಾ ಇರಿ." ತಟ್ಟಿದೆ ಮಹರಾಯ್ತಿ, ತಟ್ಟಿದೆ. ಮಾರ್ಚ್ ಒಂದರ ಬೆಳಿಗ್ಗೆ ಒಂದೇ ತಟ್ಟಿಗೆ ಸುರಂಗ ತೆರೆದುಕೊಂಡಿತು. ಕೈಗುಣ!

ಹಾಜರಿ ಪುಸ್ತಕದಿಂದ ನಕಲು ಕಳಿಸುತ್ತಿದ್ದೇನೆ, ಓದಿ ಸಂತೋಷಪಡು.

ಮಾ. 4. ಹತ್ತು: ಬಾವ ಸುಖ. ಹನ್ನೆರಡು: ಸುಖ. ಎರಡು: ಸುಖ, ಹರಟೆ. ನಾಲ್ಕು: ಸುಖ.
ಮಾ. 5. ಹತ್ತು: ಸುಖ. ಹನ್ನೆರಡು: ಬಾವ ಬಿಸಿಲಿನ ಬಗ್ಗೆ ಗೊಣಗಿದ. ಎರಡು: ಸುಖ. ನಾಲ್ಕು: ಸುಖ.

ಇಂಥ ಪುಸ್ತಕ ಯಾವ ಠಾಣೆಯಲ್ಲಿದೆ ತೋರಿಸು.

ಮಾವ


ಮಾರ್ಚ್ 11

ಮಾವ,

ನಿನ್ನೆ ಸಂಜೆ ಆರಕ್ಕೆ ಅಪ್ಪ ರೇಡಿಯೊದಲ್ಲಿ ಸಿಕ್ಕಿದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಎರಡು ಗಂಟೆಗೆ ಕಣ್ಣು ಕತ್ತಲೆ ಬಂತು ಕಣೇ. ಸಕ್ಕರೆ ಡಬ್ಬಿ ಕೆಳಗಿನ ಅಟ್ಟದಲ್ಲಿ, ಏಣಿ ಇಳಿಯೋಕೆ ಕಾಲು ನಿಲ್ಲಲ್ಲ. ಮೈಕ್ ಹಿಡಿದು ‘ತಲೆ ತಿರುಗ್ತಿದೆ, ಚೌಕಿಗೆ ಹೇಳು’ ಅಂದೆ. ನಿನ್ನ ಮಾವ ‘ಭೇಷ್ ಬಾವ, ಭೇಷ್! ಮುಂದಿನ ಹಾಜರಿಗೆ ಸಿಗೋಣ’ ಅಂದ. ಇನ್ನೊಂದ್ಸಲ ಅಂದೆ. ಇನ್ನೊಂದ್ಸಲ ಭೇಷ್ ಅಂದ."

ಅಪ್ಪ ಏಣಿಯ ಮೇಲೆ ಕೂತು ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿದು ಸಕ್ಕರೆ ಬಾಯಿಗೆ ಹಾಕಿಕೊಂಡರಂತೆ. ಮೊಣಕೈ ತರಚಿದೆ.

ಸುರಂಗದಲ್ಲಿ ದನಿ ಕೆಡುತ್ತಿದೆಯೆ? ನೀವು ಕೇಳಿದ್ದೇನು? ಸುಮ್ಮನೆ ಸಿಟ್ಟಿನಿಂದ ಕೇಳುತ್ತಿಲ್ಲ, ಹುಡುಕುವುದಕ್ಕೆ ಬೇಕು.

ಸೊಸೆ


ಮಾರ್ಚ್ 13

ಚಿನಕುರುಳಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿನ್ನ ಅತ್ತೆ ಊಟ ಬಡಿಸಿ ಕರೆದಳಂತೆ, ನಾನು ಹೋಗಲಿಲ್ಲ.

ನೀನು ಹೇಳಿದ್ದೇ ಸರಿ, ಸುರಂಗವೇ ಕೆಟ್ಟಿದೆ. ದನಿ ತುಂಡು ತುಂಡಾಗಿ ಬರುತ್ತದೆ. ಅಕ್ಕಿಯಲ್ಲಿ ಕಲ್ಲು ಬೆರೆತ ಹಾಗೆ ನಡುನಡುವೆ ಸದ್ದು ಉದುರಿಹೋಗುತ್ತದೆ. ಬಾವ "ತಲೆ" ಅಂದನೋ ಏನಂದನೋ ದೇವರಿಗೇ ಗೊತ್ತು. ನಿನ್ನ ತುದಿಯೀಗ ಯಜಮಾನ ತುದಿಯಲ್ಲವೆ, ನೀನು ಬಿಗಿ ಮಾಡಬೇಕು. ಬೇಗ ಮಾಡು.

ಬಾವನಿಗೆ ಏನೂ ಹೇಳಬೇಡ. ಸುರಂಗದ ತಪ್ಪು ಎಂದು ಹೇಳು.

ಮಾವ


ಮಾರ್ಚ್ 16

ಮಾವ,

ಹೇಳಿದೆ. ಅಪ್ಪ, "ನನ್ನ ಮಗಳು ಕೊರೆದ ಸುರಂಗ ಅಲ್ವಾ, ಸರಿ ಹೋಗುತ್ತೆ ಬಿಡು" ಅಂದರು. ಅದಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು.

ಸುರಂಗದಲ್ಲಿ ದನಿ ಹೊತ್ತು ಹೋಗುವ ಪೊಟ್ಟಣಗಳು ದೊಡ್ಡವಾಗಿ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಿರಬಹುದೆಂದು ಚಿಕ್ಕದು ಮಾಡಿದೆ. ಫಲವಿಲ್ಲ. ಮಾಳಿಗೆಯ ತಂತಿ ಬದಲಿಸಿದೆ. ಇಂಟರ್ನೆಟ್‌ನವರನ್ನು ಕರೆಸಿ ಮನೆ ಮುಂದಿನ ಜೋಡಣೆ ಹೊಸದು ಮಾಡಿಸಿದೆ. ವಿಚಿತ್ರವೆಂದರೆ ಲೆಕ್ಕ ನೋಡಿದರೆ ಕಳಿಸಿದ ನೂರಕ್ಕೆ ನೂರೂ ನಿಮ್ಮ ಡಬ್ಬ ಮುಟ್ಟಿವೆ. ಎಲ್ಲಿ ಉದುರುತ್ತಿವೆಯೋ ತಿಳಿಯದೆ ಹುಚ್ಚು ಹಿಡಿದಂತಾಗಿದೆ. ಅಪ್ಪ ಬಿದ್ದಿದ್ದರೆ ಅದು ನನ್ನ ಕೈಯ ಕೆಲಸದಿಂದ ಎಂಬ ಮಾತು ತಲೆಯಿಂದ ಹೋಗುತ್ತಿಲ್ಲ.

ಪಂಪ್‌ಹೌಸಿನ ಜೊತೆಯವಳು ತನ್ನ ರಾತ್ರಿ ಪಾಳಿ ಬಿಟ್ಟುಕೊಟ್ಟಿದ್ದಾಳೆ, ಹಗಲು ನಾನೇ ರೇಡಿಯೊ ಮುಂದೆ ಇದ್ದೇನೆ. ಅದು ಇಪ್ಪತ್ಮೂರರ ತನಕ ಮಾತ್ರ. ಆಮೇಲೆ ಮತ್ತೆ ನೀವೇ. ಅಷ್ಟರಲ್ಲಿ ಇದು ಸರಿಯಾಗಲೇಬೇಕು.

ನಾಳೆಯಿಂದ ಮೂರು ದಿನ ಬೆಳಿಗ್ಗೆ ಏಳೂವರೆಗೆ ಸುರಂಗದೊಳಗೆ ಶಿಳ್ಳೆ ಹಾಕುತ್ತೇನೆ. ಮೊದಲ ದಿನ ಐದು. ಪ್ರತಿದಿನ ಎಷ್ಟು ಕೇಳಿತು, ಬರೆಯಿರಿ.

ಸೊಸೆ


ಮಾರ್ಚ್ 20

ಚಿನಕುರುಳಿ,

ಶಭಾಷ್! ಹದಿನೇಳಕ್ಕೆ ಐದು, ಹದಿನೆಂಟಕ್ಕೆ ಐದು, ಹತ್ತೊಂಬತ್ತಕ್ಕೆ ಐದು. ಒಂದೊಂದೂ ಗಾಜಿನ ಬಳೆಯ ಹಾಗೆ. ನೀನು ಏನು ಮಾಡಿದೆಯೋ ಸುರಂಗ ಸರಿಹೋಯಿತು. ಇನ್ನು ನೀನು ನಿಶ್ಚಿಂತೆಯಾಗಿ ಪಂಪ್‌ಹೌಸಿಗೆ ಹೋಗು. ಬಾವನನ್ನು ನನಗೆ ಬಿಡು.

ಮಾವ


ಮಾರ್ಚ್ 21

ಮಾವ,

ಹದಿನೇಳಕ್ಕೆ ಐದು ಹಾಕಿದ್ದೆ. ಹದಿನೆಂಟಕ್ಕೆ ಹನ್ನೊಂದು. ಹತ್ತೊಂಬತ್ತಕ್ಕೆ ಮೈಕಿನ ಗುಂಡಿ ಒತ್ತಿ ಹಿಡಿದು ಒಂದು ನಿಮಿಷ ಬಾಯಿಮುಚ್ಚಿ ಕೂತಿದ್ದೆ.

ನೀವು ಕುರ್ಚಿಯಲ್ಲಿ ಇರಲೇ ಇಲ್ಲ. ಹಾಜರಿಗೂ ಒಂದು ಭೇಷ್ ಎಸೆದು ಎದ್ದು ಹೋಗಿ, ಪುಸ್ತಕವನ್ನು ಕ್ಷೌರದ ಅಂಗಡಿಯಲ್ಲಿ ಕೂತೇ ತುಂಬಿದ್ದೀರಿ. ಅತ್ತೆಗೆ ಫೋನ್ ಮಾಡಿ ಕೇಳಿದರೆ "ಅವರನ್ನೇ ಕೇಳಮ್ಮ" ಎಂದು ಇಟ್ಟುಬಿಟ್ಟರು. ಅವರಿಗೂ ನಾಚಿಕೆಯಾಗಿರಬೇಕು.

ಆಟ ಆಡುವುದಕ್ಕೆ ನಿಮಗೆ ನನ್ನ ಅಪ್ಪನೇ ಬೇಕಾಗಿತ್ತೆ? ನಿಮ್ಮೂರಿನ ಗಡಿಯಾರ ರಿಪೇರಿಯವರಿಗೆ ಬರೆಯುತ್ತಿದ್ದೇನೆ. ಅವರ ಬಳಿಯೂ ಪರವಾನಗಿ ಇದೆ, ರೇಡಿಯೊ ಇದೆ. ಸುರಂಗದ ಆ ತುದಿಯನ್ನು ಅವರಿಗೆ ಕೊಡುತ್ತೇನೆ.


ಮಾರ್ಚ್ 22, ಬೆಳಿಗ್ಗೆ

ಹೌದು. ಕುರ್ಚಿಯಲ್ಲಿ ಇರಲಿಲ್ಲ. ಕ್ಷೌರದ ಅಂಗಡಿಯಲ್ಲಿದ್ದೆ. ತಪ್ಪಾಯಿತು. ಗಡಿಯಾರದವನಿಗೆ ಕೊಡು.

ಮಾವ


ಮಾರ್ಚ್ 22, ಸಂಜೆ

ಮಗಳೇ,

ಬೆಳಗಿನ ಕಾಗದ ಡ್ರೈವರಿಗೆ ಕೊಟ್ಟು ಬಂದ ಮೇಲೆ ನಿನ್ನ ಅತ್ತೆ ಅದರ ವಿಷಯ ಕೇಳಿದಳು. ಹೇಳಿದೆ. ಹೊಲಿಯುತ್ತಿದ್ದ ಬಟ್ಟೆ ಬಿಸಾಕಿ ಎದುರಿಗೆ ಬಂದು ನಿಂತು, ನನಗೆ ತುಟಿ ಕಾಣುವ ಹಾಗೆ ಒಂದೊಂದೇ ಮಾತು ಬಿಡಿಸಿ ಅಂದಳು, "ಪೋಲಿ ಅಂತ ಅನ್ನಿಸ್ಕೊಂಡ್ರೂ ಪರವಾಗಿಲ್ಲ, ಕಿವುಡ ಅಂತ ಅನ್ನಿಸ್ಕೋಬಾರದು. ಅಲ್ವಾ?"

ನಾನು ಕುರ್ಚಿಯಲ್ಲೇ ಇದ್ದೆ. ಒಂದು ಹಾಜರಿಗೂ ಎದ್ದು ಹೋಗಿಲ್ಲ. ಹೋದ ಮಳೆಗಾಲದಿಂದ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಜನರ ಮಾತು ಗೋಡೆಯಾಚೆ ಯಾರೋ ಮೇಜು ಎಳೆದಂತೆ ಕೇಳುತ್ತದೆ. ಕಂಪನಿಯ ಹುಡುಗಿ ಹೇಳಿದ್ದು ನನಗೆ ಒಂದಕ್ಷರ ತಿಳಿಯಲಿಲ್ಲ. ಫೋನ್ ಎತ್ತದಿರುವುದೂ ಇದಕ್ಕೇ. ಕ್ಷೌರದವನು ಕಿವಿಯ ಹತ್ತಿರ ಬಗ್ಗಿ ಕೂಗುತ್ತಾನೆ, ಅವನೊಬ್ಬನದು ತಿಳಿಯುತ್ತದೆ, ಅದಕ್ಕೇ ಅಲ್ಲಿಗೆ ಹೋಗುತ್ತೇನೆ.

ರೇಡಿಯೊದಲ್ಲಿ ಯಾರಾದರೂ ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದಲ್ಲ, ಅದನ್ನು ನೋಡಿ "ಬಾವ ಸುಖ" ಎಂದು ಬರೆದೆ. ದೀಪ ಹೆಚ್ಚು ಹೊತ್ತು ಹತ್ತಿದ್ದರೆ "ಹರಟೆ" ಎಂದು ಬರೆದೆ. ಹತ್ತನೇ ತಾರೀಕು ದೀಪ ಬಹಳ ಹೊತ್ತು ಹತ್ತಿತು. ಬಾವ ಏನೋ ತಮಾಷೆ ಹೇಳುತ್ತಿದ್ದಾನೆ ಅಂದುಕೊಂಡು ನಕ್ಕು ಭೇಷ್ ಅಂದೆ.

ನೀನು ತಂತಿ ಬದಲಿಸಿದೆ, ಮಾಳಿಗೆ ಹತ್ತಿದೆ, ನಿನ್ನನ್ನೇ ಹಳಿದುಕೊಂಡೆ. ಎಲ್ಲ ಓದಿಯೂ ನಾನು ಸುಮ್ಮನಿದ್ದೆ. ನಾಲ್ಕೂರಿನ ರೇಡಿಯೊಗಳನ್ನು ಕಿವಿಯಿಂದಲೇ ರಿಪೇರಿ ಮಾಡಿದವನು, ಸದ್ದು ಕೇಳಿಯೇ ಯಾವ ಬಿಡಿಭಾಗ ಸತ್ತಿದೆ ಅಂತ ಹೇಳುತ್ತಿದ್ದವನು, ಈ ಒಂದು ಮಾತನ್ನು ಬರೆಯುವುದಕ್ಕೆ ಆಗಲಿಲ್ಲ.

ಗಡಿಯಾರದವನು ಒಳ್ಳೆಯವನೇ. ಆದರೆ ಮಧ್ಯಾಹ್ನ ಅಂಗಡಿ ಬಾಗಿಲೆಳೆದು ಮೂರರವರೆಗೆ ಮಲಗುತ್ತಾನೆ. ಎರಡು ಗಂಟೆಯ ಹಾಜರಿಗೆ ಅವನನ್ನು ನಂಬಬೇಡ.

ಮಾವ


ಮಾರ್ಚ್ 24

ಮಾವ,

ಎರಡು ಕಾಗದವೂ ಒಟ್ಟಿಗೆ ಬಂದವು. ಮೊದಲನೆಯದನ್ನು ಹರಿದುಹಾಕಿದ್ದೇನೆ.

ಸಿಟ್ಟು ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಕಿವಿ ಹೋದದ್ದಕ್ಕಲ್ಲ ಸಿಟ್ಟು. "ಸುಖ" ಎಂದು ಬರೆದದ್ದಕ್ಕೆ.

ಗಡಿಯಾರದವರ ನಿದ್ದೆಯ ವಿಷಯ ವಿಚಾರಿಸಿದೆ, ನಿಜ. ಬೇರೆ ಯಾರೂ ಇಲ್ಲ. ಜೊತೆಯವಳು ಪಾಪ, ಇನ್ನು ಮೂರು ದಿನ ಪಾಳಿ ಕೊಟ್ಟಿದ್ದಾಳೆ. ಆದ್ದರಿಂದ ಹೀಗೆ ಮಾಡೋಣ. ಅಪ್ಪ ಹಾಜರಿಗೆ ಮಾತಾಡುವುದೇ ಬೇಡ. ಕ್ಷೇಮವಾಗಿದ್ದರೆ ಗುಂಡಿಯನ್ನು ಮೂರು ಸಲ, ಒಂದರಿಂದ ಐದು ಎಣಿಸುವಷ್ಟು ಹೊತ್ತು ಒತ್ತಲಿ. ನೀವು ದೀಪ ನೋಡಿ. ಮೂರು ಉದ್ದ ಬಂದರೆ ಕ್ಷೇಮ. ಬೇರೆ ಏನು ಬಂದರೂ, ಏನೂ ಬರದಿದ್ದರೂ, ಮೂರು ನಿಮಿಷ ಕಾದು ಅತ್ತೆಯಿಂದ ಚೌಕಿಗೆ ಫೋನ್. ಪುಸ್ತಕದಲ್ಲಿ ಕಂಡದ್ದಷ್ಟೇ ಬರೆಯಬೇಕು. "ಸುಖ" ಎಂಬ ಪದ ಆ ಪುಸ್ತಕದಲ್ಲಿ ಮತ್ತೆ ಕಾಣಿಸಬಾರದು.

ಇನ್ನೊಂದು ಷರತ್ತು. ಅಪ್ಪನಿಗೆ ನೀವೇ ಹೇಳಬೇಕು. ಭಾನುವಾರ ಹತ್ತಕ್ಕೆ. ನಾನೂ ಕೇಳಿಸಿಕೊಳ್ಳುತ್ತಿರುತ್ತೇನೆ.

ಸೊಸೆ


ಮಾರ್ಚ್ 26

ಮಗಳೇ,

ಹೇಳಿದೆ. ನೀನು ಕೇಳಿಸಿಕೊಂಡಿರುತ್ತೀಯ. ನನ್ನ ದನಿ ಹೇಗಿತ್ತೋ ನನಗೆ ಗೊತ್ತಿಲ್ಲ.

ನಾನು ಗುಂಡಿ ಬಿಟ್ಟೆ. ದೀಪ ಹತ್ತಿತು ನೋಡು, ಎರಡು ನಿಮಿಷ ಹದಿನೈದು ಸೆಕೆಂಡು. ಕೆಂಪಗೆ ಉರಿಯುತ್ತಲೇ ಇತ್ತು. ಸ್ಪೀಕರಿಗೆ ಕೈ ಒತ್ತಿ ಹಿಡಿದೆ, ಅಂಗೈಗೆ ಜುಮ್ ಜುಮ್ ಎಂದಿತು, ಮಾತು ಗೊತ್ತಾಗಲಿಲ್ಲ. ನಿನ್ನ ಅತ್ತೆ ಬೇಕೆಂದೇ ಹಿತ್ತಲಿಗೆ ಹೋಗಿಬಿಟ್ಟಿದ್ದಳು.

ಬಾವ ಏನಂದ? ಮುಚ್ಚಿಡದೆ ಬರೆ.

ಮಾವ


ಮಾರ್ಚ್ 27

ಮಾವ,

ಮುಚ್ಚಿಡುವುದಿಲ್ಲ. ಅಪ್ಪ ಹೇಳಿದ್ದು ಇಷ್ಟು:

"ಥೂ ನಿನ್ನ! ನಾನು ಸತ್ತೇ ಅಂದ್ರೂ ಭೇಷ್ ಅಂತಿದ್ಯಲ್ಲೋ ಮಹಾನುಭಾವ! ಏಣಿ ಮೇಲೆ ಅಂಡು ಜಾರಿಸ್ಕೊಂಡು ಇಳೀವಾಗ ನಿನ್ನನ್ನ ಏನೇನ್ ಬೈದೆ ಗೊತ್ತಾ? ಈಗ ಬೈದ್ರೂ ಪ್ರಯೋಜನ ಇಲ್ಲ, ಕೇಳ್ಸಲ್ವಂತೆ. ನಾನು ಬೈದದ್ದೆಲ್ಲ ದಂಡ. ನನ್ನ ಮದುವೇಲಿ ನನ್ನ ಚಪ್ಪಲಿ ಬಚ್ಚಿಟ್ಟೋನು ನೀನು. ಆವತ್ತಿನಿಂದ ನಿನ್ನ ಬಾಯಲ್ಲಿ ಒಂದು ನಿಜ ಕೇಳಿದ್ದಿಲ್ಲ, ಇವತ್ತು ಕೇಳಿದೆ. ಎಷ್ಟು ದಿನದಿಂದ ಒಬ್ನೇ ಒದ್ದಾಡ್ತಿದ್ಯೋ... ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ. ಆಯ್ತು, ಗುಂಡಿ ಒತ್ತುತೀನಿ. ದೀಪ ನೋಡ್ತಾ ಕೂತ್ಕೋ. ನೀನು ಎದ್ದು ಹೋದ್ರೆ ನನಗೆ ಗೊತ್ತಾಗಲ್ಲ. ಆದ್ರೂ ನೀನು ಏಳಲ್ಲ ಅಂತ ನಂಬ್ತೀನಿ."

ನಾಳೆಯಿಂದ ನಾನು ಮತ್ತೆ ಹಗಲು ಪಾಳಿಗೆ ಪಂಪ್‌ಹೌಸಿಗೆ ಹೋಗುತ್ತೇನೆ.

ಸೊಸೆ


ಏಪ್ರಿಲ್ 4

ಮಗಳೇ,

ನೀನು ಸಂಜೆ ಮನೆಗೆ ಬಂದು ಬಾವನೊಡನೆ ಮಾತಾಡಿರುತ್ತೀಯ, ಸುದ್ದಿ ತಿಳಿದಿರುತ್ತದೆ. ಆದರೂ ಪುಸ್ತಕದಲ್ಲಿರುವುದನ್ನು ನಕಲು ಮಾಡುತ್ತಿದ್ದೇನೆ.

ಏ. 4. ಹತ್ತು: ಮೂರು ಉದ್ದ, ಕೊನೆಯದು ಎಂದಿನಂತೆ ಮೊಟಕು. ಹನ್ನೆರಡು: ಹಾಗೇ. ಎರಡು: ದೀಪ ಹತ್ತಲಿಲ್ಲ. ಎರಡು ಗಂಟೆ ಒಂದು ನಿಮಿಷ: ಇಲ್ಲ. ಎರಡು ನಿಮಿಷ: ಇಲ್ಲ. ಮೂರು ನಿಮಿಷ: ಒಂದು ಚಿಕ್ಕ ಮಿಣುಕು, ಮತ್ತೆ ಇಲ್ಲ.

ಮೂರು ನಿಮಿಷ ಎಷ್ಟು ಉದ್ದವಿರುತ್ತದೆ ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಹಿಂದಕ್ಕೆ ತಿರುಗಿ ಕೈಯಾಡಿಸಿದೆ. ನಿನ್ನ ಅತ್ತೆ ಸೂಜಿ ಬಟ್ಟೆಯಲ್ಲೇ ಬಿಟ್ಟು ಚೌಕಿಗೆ ಫೋನ್ ಹಿಡಿದಿದ್ದಳು. ಅವಳ ತುಟಿ ಆಡುವುದು ನೋಡಿದೆ. "ಹೊರಟರು, ಇಬ್ಬರು" ಎಂದು ಎರಡು ಬೆರಳು ತೋರಿಸಿದಳು. ಆಮೇಲೆ ನಾನು ದೀಪದಿಂದ ಕಣ್ಣು ತೆಗೆಯಲಿಲ್ಲ. ಕಣ್ಣಲ್ಲಿ ನೀರು ಬಂದರೆ ಒಂದು ದೀಪ ಎರಡಾಗಿ ಕಾಣುತ್ತದೆ, ಅದಕ್ಕೆ ಅವಳು ಸೆರಗಿನಿಂದ ಆಗಾಗ ಒರೆಸುತ್ತಿದ್ದಳು.

ಎರಡು ಐವತ್ತಕ್ಕೆ ಮೂರು ಉದ್ದ ಬಂತು. ಅವಳು ಕೈಮುಗಿದು ಎದ್ದಳು. ನಾನು ಏಳಲಿಲ್ಲ. "ಬಂತಲ್ಲ, ಇನ್ನೇನು?" ಎಂದು ತುಟಿ ಕಾಣುವ ಹಾಗೆ ಮುಂದೆ ಬಗ್ಗಿ ಭುಜ ಹಿಡಿದು ಅಲ್ಲಾಡಿಸಿದಳು. ನಾನು ಹೇಳಿದೆ, "ಇದು ಚೌಕಿಯವನ ಬೆರಳು. ನೀನು ಫೋನಲ್ಲಿ ಹೇಳ್ಕೊಟ್ಟ ಹಾಗೆ ಲೆಕ್ಕ ಹಾಕಿ ಒತ್ತಿದ್ದಾನೆ, ಮೂರೂ ಸರಿಸಮ. ನಮ್ಮ ಬಾವ ಸೋಮಾರಿ, ಎರಡು ನೆಟ್ಟಗೆ ಒತ್ತಿ ಮೂರನೆಯದನ್ನ ಅರ್ಧಕ್ಕೇ ಬಿಡ್ತಾನೆ. ಎಂಟು ದಿನದಿಂದ ಒಂದು ಸಲವೂ ಪೂರ್ತಿ ಒತ್ತಿಲ್ಲ." ಅವಳು ಮತ್ತೆ ಕೂತಳು.

ಮೂರು ಗಂಟೆ. ಮೂರೂ ಹತ್ತು. ಏನೂ ಇಲ್ಲ.

ಮೂರು ಇಪ್ಪತ್ತೆರಡಕ್ಕೆ ದೀಪ ಹತ್ತಿತು. ಒಂದು ಉದ್ದ. ಇನ್ನೊಂದು ಉದ್ದ. ಮೂರನೆಯದು ಅರ್ಧಕ್ಕೇ ಆರಿತು.

ಪುಸ್ತಕದಲ್ಲಿ ಬರೆದುಕೊಂಡೆ: "3:22. ಬಾವ." ಆಮೇಲೆ ಕುರ್ಚಿಯಿಂದ ಎದ್ದು ಊಟಕ್ಕೆ ಹೋದೆ.

ನಿನ್ನ ಮಾವ